ಥೈರಾಯಿಡ್ ಔಷಧಿ ಮತ್ತು ಬಿಳಿ ರಕ್ತಕಣಗಳು

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಬೇರೊಂದು ರೋಗದ ಅಧ್ಯಯನಕ್ಕೆಂದು ಸಾಕಿದ್ದ ಮೊಲಗಳಿಗೆ ಗಳಗಂಡ ಬಂದಿತು. ಅವುಗಳ ಮುಖ್ಯ ಆಹಾರ ಎಲೆಕೋಸು! 1928ರಲ್ಲಿ ಈ ವಿಷಯ ಪ್ರಕಟವಾಯಿತು. 1941ರ ಸುಮಾರಿಗೆ ಅದೇ ನಗರದಲ್ಲಿ ಸಲ್ಫಾಗ್ವಾನಿಡಿನ್ ಎಂಬ ಔಷಧಿ ತಿಂದ ಇಲಿಗಳ ಥೈರಾಯಿಡ್ ಗ್ರಂಥಿಯೂ ಊದಿಕೊಂಡಿತು. ಕೆಲವು ರಾಸಾಯನಿಕಗಳು ಥೈರಾಯಿಡ್ ಹಾರ್ಮೋನಿನ ತಯಾರಿಕೆಯನ್ನೇ ತಡೆಯುತ್ತವೆ ಎಂಬುದು ಹೀಗೆ ತಿಳಿದುಬಂದಿತು.

ಈ ಹಾರ್ಮೋನು ಮಿತಿಮೀರಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಎಷ್ಟು ಉಂಡರೂ ಮೈ ಇಳಿಯುತ್ತದೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲೇ ಇಂಥ ರೋಗಿಗಳನ್ನು ವರ್ಣಿಸಿದ್ದರೂ ನೂರು ವರ್ಷ ಕಳೆದ ಮೇಲೂ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿಯಾಗಿತ್ತು. 1943ರಲ್ಲಿ ಬಾಸ್ಟನ್ನಿನ ಎಡ್ವಿನ್ ಆಸ್ಟ್‌ವುಡ್ ಅವರು ಥಯೊಯೂರಿಯಾ ಮತ್ತು ಥಯೊಯುರಾಸಿಲ್‌ಗಳನ್ನು ಮೂವರು ರೋಗಿಗಳಿಗೆ ಕೊಟ್ಟು ಫಲ ಕಂಡರು.

ಆದರೆ ಆ ಮೂವರಲ್ಲಿಯೇ ಒಬ್ಬರ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿಕಣಗಳು ಬಹುಮಟ್ಟಿಗೆ ಮಾಯವಾದವು. ಇದಕ್ಕೆ ಅಗ್ರಾನ್ಯುಲೋಸೈಟೋಸಿಸ್ ಎಂದು ಹೆಸರು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 2000ದಿಂದ 7000 ನ್ಯೂಟ್ರೋಫಿಲ್ ಕಣಗಳಿರುತ್ತವೆ. ಇವು 500ಕ್ಕಿಂತ ಕೆಳಗಿಳಿದರೆ ಗಂಟಲಿನ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಪೆನಿಸಿಲಿನ್ ಇನ್ನೂ ಎಲ್ಲರ ಕೈಗೆಟುಕದಿದ್ದ ಕಾಲ ಅದು.

ಹಾಗಿದ್ದೂ ಔಷಧಿಯನ್ನು ವೈದ್ಯರು ಕೈಬಿಡಲಿಲ್ಲ. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಚಿಕಿತ್ಸೆಯಿಲ್ಲದ ಥೈರಾಯಿಡ್ ರೋಗವೂ ಕೊಲ್ಲುತ್ತಿತ್ತು. ಕಡಿಮೆ ಅಪಾಯದ ಔಷಧಿಗಳನ್ನು ಹುಡುಕುತ್ತಾ ಹೋದರು. 1940ರ ದಶಕದಲ್ಲೇ ಪ್ರೊಪೈಲ್‌ಥಯೊಯುರಾಸಿಲ್ ಹಾಗೂ ಮೆಥಿಮಜೋಲ್, 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನಿಂದ ಕಾರ್ಬಿಮಜೋಲ್ ಬಂದವು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಕೊನೆಯದು. ದೇಹದೊಳಗೆ ಇದು ಮೆಥಿಮಜೋಲ್ ಆಗಿಯೇ ಮಾರ್ಪಡುತ್ತದೆ. ಈಗ ಸಾವಿರ ರೋಗಿಗಳಲ್ಲಿ ಸುಮಾರು ಎರಡರಿಂದ ಐವರಿಗೆ ಮಾತ್ರ ಬಿಳಿಕಣಗಳ ಈ ತೊಂದರೆ ಬರುತ್ತದೆ, ಅದೂ ಬಹುತೇಕ ಮೊದಲ ಮೂರು ತಿಂಗಳೊಳಗೆ. ಕಣಗಳು ಹಠಾತ್ತನೆ ಕುಸಿಯುವುದರಿಂದ ನಿನ್ನೆಯ ರಕ್ತಪರೀಕ್ಷೆ ಇಂದಿಗೆ ಭರವಸೆಯಾಗದು. ಆದ್ದರಿಂದಲೇ ಜ್ವರ ಅಥವಾ ಗಂಟಲುನೋವು ಕಂಡೊಡನೆ ಮಾತ್ರೆ ನಿಲ್ಲಿಸಿ, ತಡಮಾಡದೆ ವೈದ್ಯರ ಬಳಿ ರಕ್ತಕಣಗಳ ಎಣಿಕೆ ಮಾಡಿಸಬೇಕೆಂದು ರೋಗಿಗಳಿಗೆ ಮೊದಲೇ ಹೇಳಿಡುವ ಪದ್ಧತಿ ಬೆಳೆಯಿತು.

ಇನ್ನೊಂದು ಅಪಾಯ ವರ್ಷಗಟ್ಟಲೆ ಔಷಧಿ ಸೇವಿಸಿದವರಲ್ಲಿ ಕಾಣುವಂಥದು. ಥೈರಾಯಿಡ್ ಗ್ರಂಥಿಯಲ್ಲಿ ಹಾರ್ಮೋನು ತಯಾರಿಸುವ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಈ ಔಷಧಿಗಳು ತಡೆಯುತ್ತವೆ. ಆ ಕಿಣ್ವದ ನೆಂಟನೊಬ್ಬ ನ್ಯೂಟ್ರೋಫಿಲ್ ಕಣಗಳೊಳಗೂ ಇದ್ದಾನೆ: ಮೈಲೊಪೆರಾಕ್ಸಿಡೇಸ್. ಔಷಧಿ ಅದರೊಡನೆ ವರ್ತಿಸಿ ಅದರ ರೂಪ ಬದಲಿಸಿದರೆ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಿಣ್ವವನ್ನು ಪರಕೀಯವೆಂದು ತಿಳಿದು ಪ್ರತಿಕಾಯಗಳನ್ನು ಹುಟ್ಟಿಸುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಪ್ರತಿಕಾಯ ಕಂಡವರಿಗೆಲ್ಲ ರೋಗ ಬರುವುದಿಲ್ಲ. ಬಂದ ಕೆಲವರಲ್ಲಿ ಸಣ್ಣ ರಕ್ತನಾಳಗಳು ಉರಿಯೂತಕ್ಕೆ ಸಿಕ್ಕಿ ಚರ್ಮದಲ್ಲಿ ಕೆಂಪು ಕಲೆ, ಕೀಲುನೋವು, ಮೂತ್ರದಲ್ಲಿ ರಕ್ತ, ಶ್ವಾಸಕೋಶದಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಪ್ರೊಪೈಲ್‌ಥಯೊಯುರಾಸಿಲ್ ಸೇವಿಸುವವರಲ್ಲಿ ಇದು ಹೆಚ್ಚು.

ಔಷಧಿ ಬಂದು ಸುಮಾರು ಅರ್ಧ ಶತಮಾನ ಕಳೆದ ಮೇಲೆ, 1990ರ ದಶಕದ ಆರಂಭದಲ್ಲಿ, ಈ ಸಂಬಂಧ ಬೆಳಕಿಗೆ ಬಂದಿತು. ಅಷ್ಟು ತಡವೇಕೆ? ಅಂಥ ಪ್ರತಿಕಾಯಗಳನ್ನು ಗುರುತಿಸಿದ್ದೇ 1980ರ ದಶಕದಲ್ಲಿ. ಪರೀಕ್ಷೆಯೇ ಇಲ್ಲದಿದ್ದಾಗ ಕೀಲುನೋವಿಗೂ ಥೈರಾಯಿಡ್ ಮಾತ್ರೆಗೂ ಗಂಟು ಹಾಕುವವರು ಯಾರು?

ಬಿಳಿಕಣ ಕುಸಿತಕ್ಕೆ ಯಾರು ಈಡಾಗುತ್ತಾರೆಂಬ ಹುಡುಕಾಟ 2015–16ರಲ್ಲಿ ಜೀನ್‌ಗಳವರೆಗೆ ಹೋಯಿತು. ತೈವಾನ್, ಹಾಂಗ್‌ಕಾಂಗ್‌ಗಳ ರೋಗಿಗಳಲ್ಲಿ ಎಚ್‌ಎಲ್‌ಎ ಗುಂಪಿನ ಒಂದು ಜೀನ್ ರೂಪ ಸಿಕ್ಕಿತು. ಯೂರೋಪಿನವರಲ್ಲಿ ಅದೇ ಗುಂಪಿನ ಬೇರೊಂದು ರೂಪ.