ಕಟ್ಟಿಸಿದವರು ಮತ್ತು ಕಟ್ಟಿದವರು

ಸದ್ಭಕ್ತರೇ, ಚಾಮರಾಜನಗರ ಸೀಮೆಯ ದೇವಾಲಯಗಳನ್ನು ನಿಮ್ಮಲ್ಲಿ ಅನೇಕರು ದರ್ಶಿಸಿರುವಿರಿ. ಆದರೆ ಅವುಗಳನ್ನು ನಿರ್ಮಿಸಿದ ಕೈಗಳನ್ನು ಅರಸುತ್ತ ಎಂದಾದರೂ ಈ ಹಾದಿಯಲ್ಲಿ ನಡೆದಿರುವಿರಾ? ಬನ್ನಿ, ಗುಂಡ್ಲುಪೇಟೆಯಿಂದ ಕೊಳ್ಳೇಗಾಲದವರೆಗೆ ಇಂದು ಅಂಥದೊಂದು ಯಾತ್ರೆಯನ್ನು ಕೈಗೊಳ್ಳೋಣ.

ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಕಟ್ಟಿಸಿದವರು 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು. ಅದು ಅವರ ತಂದೆಯ ಸ್ಮಾರಕ. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂಬ ಹೆಸರಿತ್ತು. ಅಲ್ಲಿ 1774ರಲ್ಲಿ ಜನಿಸಿದ ಚಾಮರಾಜ ಒಡೆಯರ ನೆನಪಿಗಾಗಿ ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಈಗಿನ ಹೆಸರನ್ನಿತ್ತು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಎರಡು ಕಡೆಯಲ್ಲಿಯೂ ಕಟ್ಟಿಸಿದವರ ಹೆಸರನ್ನು ನಾವೆಲ್ಲರೂ ಬಲ್ಲೆವು. ಕಟ್ಟಿದವರ ಹೆಸರನ್ನು ಬಲ್ಲವರಾರು?

ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ದೇವಾಲಯವಿದೆ. ಅದರ ಶಿಖರ ಇಟ್ಟಿಗೆಯದು. ಮೇಲಿನ ಮೂರ್ತಿಗಳು ಗಾರೆಯವು. ಗಾರೆ ಒಣಗಿ ಗಟ್ಟಿಯಾಗುವ ಮುನ್ನವೇ ಮುಖದ ಭಾವ, ಬೆರಳಿನ ಬಾಗು ಎಲ್ಲವೂ ಮೂಡಬೇಕು. ಸಾವಿರ ವರ್ಷಗಳ ಮಳೆಗಾಳಿಯನ್ನು ಸಹಿಸಿಯೂ ಆ ಭಾವ ಅಳಿದಿಲ್ಲ.

ಚಾಮರಾಜನಗರದಿಂದ ಸಂತೇಮರಹಳ್ಳಿಯ ಮಾರ್ಗವಾಗಿ ಯಳಂದೂರಿಗೆ ಬಂದರೆ ಗೌರೀಶ್ವರ ದೇವಾಲಯದ ಮಹಾದ್ವಾರವಾದ ಬಳೆಮಂಟಪ ಎದುರಾಗುತ್ತದೆ. ಮೂಲೆಗಳಲ್ಲಿ ತೂಗುವ ಕಲ್ಲುಬಳೆಗಳ ಸರಪಳಿಯೇ ಅದಕ್ಕೆ ಆ ಹೆಸರನ್ನು ತಂದಿದೆ. ಇಂಥ ಸರಪಳಿಗೆ ಬೆಸುಗೆಯಿಲ್ಲ. ಒಂದೇ ಶಿಲೆಯಲ್ಲಿ ಒಂದು ಬಳೆಯೊಳಗೆ ಮತ್ತೊಂದನ್ನು ಬಿಡಿಸಿ ತೆಗೆಯಬೇಕು. ಉಳಿಯ ಒಂದು ಪೆಟ್ಟು ತಪ್ಪಿದರೆ ತಿಂಗಳುಗಳ ಶ್ರಮ ನಿಷ್ಫಲ.

ಕಲ್ಲು ಹೇಳದ ಮಾತನ್ನು ಇಲ್ಲಿ ಹಾಡು ಹೇಳುತ್ತದೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಕಥೆಯನ್ನು ನೀಲಗಾರರು ತಂಬೂರಿ ಮೀಟುತ್ತ ಇಂದಿಗೂ ಹಾಡುತ್ತಾರೆ. ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಆತ ಭಿಕ್ಷೆ ಬೇಡಿದ್ದು ಅನ್ನವನ್ನಲ್ಲ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣವನ್ನು! ಕುಲುಮೆಯ ಘನತೆಯನ್ನು ಜನಪದರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಯಾತ್ರೆಯ ಕೊನೆಯ ನಿಲುಗಡೆ ಕೊಳ್ಳೇಗಾಲ. 1956ರವರೆಗೆ ಇದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿನ ರೇಷ್ಮೆ ಸೀರೆ ಹೆಸರಾದುದು ಕೈಮಗ್ಗದಿಂದ. ಕುಣಿಮಗ್ಗದ ನೇಕಾರನು ನೆಲದ ಕುಣಿಯೊಳಗೆ ಕಾಲಿಳಿಸಿ ಕುಳಿತು, ಕಾಲಿನಿಂದ ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತ, ಕೈಯಿಂದ ಲಾಳಿಯೆಸೆದು ಹೊಕ್ಕನ್ನು ಸೇರಿಸುತ್ತಾನೆ. ಕಣ್ಣು, ಕೈ, ಕಾಲುಗಳ ಈ ಮೇಳ ಪುಸ್ತಕದಿಂದ ಬರುವಂಥದಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಮಗನು, ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಕಲಿಯಬೇಕಾದುದು. ವಿದ್ಯುತ್ ಮಗ್ಗದ ವೇಗದೆದುರು ಕೈಮಗ್ಗ ಸೋಲುತ್ತಿದೆ. ದೇವಾಲಯ ಜೀರ್ಣವಾದರೆ ಉದ್ಧಾರ ಮಾಡಬಹುದು. ಒಂದು ತಲೆಮಾರು ಕಲಿಯದೆ ಬಿಟ್ಟ ವಿದ್ಯೆಗೆ ಜೀರ್ಣೋದ್ಧಾರವುಂಟೆ?

ಜೇಡರ ದಾಸಿಮಯ್ಯ, ಕುಂಬಾರ ಗುಂಡಯ್ಯ, ಮೇದಾರ ಕೇತಯ್ಯ ಎಂದು ನಾವು ನಿತ್ಯವೂ ಸ್ಮರಿಸುವ ಶರಣರ ಹೆಸರಿನ ಮೊದಲಲ್ಲಿ ನಿಂತಿರುವುದು ಅವರವರ ಕಾಯಕವೇ ಅಲ್ಲವೆ? ಅರಸರ ಶಾಸನಗಳು ಮರೆತುದನ್ನು ಶರಣ ಪರಂಪರೆ ತಲೆಯ ಮೇಲೆ ಹೊತ್ತಿತು. ಆ ಪರಂಪರೆಯ ವಾರಸುದಾರರಾದ ನಮಗೆ ಒಂದು ಹೊಣೆಯುಂಟು. ಮುಂದಿನ ಬಾರಿ ಮಲೆಯ ಮಾದಪ್ಪನ ದರ್ಶನಕ್ಕೆ ಹೊರಟಾಗ ಕೊಳ್ಳೇಗಾಲದಲ್ಲಿ ಇಳಿಯಿರಿ. ಮಕ್ಕಳನ್ನು ಒಂದು ಮಗ್ಗದ ಮುಂದೆ ಅರೆಗಳಿಗೆ ನಿಲ್ಲಿಸಿರಿ. ಕೊಳ್ಳುವ ಶಕ್ತಿಯಿದ್ದರೆ ಚೌಕಾಶಿ ಮಾಡದೆ ಕೊಳ್ಳಿರಿ. ಇಲ್ಲವಾದರೆ ನೇಯ್ದವರ ಹೆಸರನ್ನಾದರೂ ಕೇಳಿ ತಿಳಿದು ಬನ್ನಿರಿ.