ಮೈಲಿ ಹಾಕಿದ ಗುರುತು

ಐಗಳಿ, ತೆಲಸಂಗ, ಅಥಣಿ ಕಡೆಯ ಹಿರಿಯರ ಮೇಲ್ದೋಳಿನಲ್ಲಿ ಇಂದಿಗೂ ನಾಣ್ಯದಗಲದ ಕಲೆಯೊಂದು ಕಾಣುತ್ತದೆ. ನಡುವೆ ತುಸು ತಗ್ಗು, ಅಂಚಿನಲ್ಲಿ ಸುಕ್ಕು. ಅದು ಮೈಲಿ ಹಾಕಿದ ಗುರುತು. ಸಿಡುಬಿಗೆ ಈ ಭಾಗದಲ್ಲಿ ಮೈಲಿಬೇನೆ ಎಂಬ ಹೆಸರಿತ್ತು; ಬೇನೆಯ ಹೆಸರೇ ಅದನ್ನು ತಡೆಯುವ ಲಸಿಕೆಗೂ ಅಂಟಿಕೊಂಡಿತು.

ಲಸಿಕೆ ಬರುವುದಕ್ಕೆ ಮೊದಲು ಮನೆಯಲ್ಲಿ ಮೈಲಿ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿ, ಅಡುಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, ಬೇನೆ ಇಳಿದ ಮೇಲೆ ದೇವಿಗೆ ಮೊಸರನ್ನದ ಎಡೆ ಕೊಡುತ್ತಿದ್ದರು. ಬೇನೆ ಬಿದ್ದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಆದರೆ ಒಮ್ಮೆ ಬದುಕಿ ಉಳಿದವರಿಗೆ ಅದು ಮತ್ತೆ ಬಾರದೆಂಬುದು ಎಲ್ಲರಿಗೂ ತಿಳಿದಿತ್ತು. ಮುಖದ ಮೇಲೆ ಹಳೆಯ ಕುಳಿಗಳಿದ್ದವರು ರೋಗಿಯ ಪಕ್ಕದಲ್ಲಿ ಅಂಜದೆ ಕೂರಬಹುದಿತ್ತು. ದೇಹ ಬೇನೆಯನ್ನು ನೆನಪಿಡುತ್ತದೆ ಎಂಬ ಈ ಅರಿವು ವಿಜ್ಞಾನಕ್ಕಿಂತ ಹಳೆಯದು.

ಎಡ್ವರ್ಡ್ ಜೆನ್ನರ್ 1796ರಲ್ಲಿ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ಆ ಲಸಿಕೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ದಸ್ತಾಲ್ ಎಂಬ ಮೂರು ವರ್ಷದ ಹುಡುಗಿಗೆ ಹತ್ತಿತು. ಮೈಸೂರಿನ ಅರಮನೆಯೂ ಬೇಗನೆ ಮುಂದೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ತೋಳು ತೋರಿಸುವ ರಾಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆಗಿನ ಪದ್ಧತಿ ತೋಳಿನಿಂದ ತೋಳಿಗೆ: ಒಂದು ಮಗುವಿನ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ಚರ್ಮಕ್ಕೆ ಗೀರುವುದು. ಇದರಲ್ಲಿ ಬೇರೆ ರೋಗಗಳೂ ದಾಟುತ್ತಿದ್ದವು. ಬೇರೆಯವರ ಕೂಸಿನ ಮೈರಸ ತಮ್ಮ ಕೂಸಿಗೆ ಬೇಡವೆಂಬ ಹಿಂಜರಿಕೆಯೂ ಇತ್ತು.

ಹೀಗಾಗಿ ಕರುವಿನ ಲಸಿಕೆ ರೂಢಿಗೆ ಬಂತು. ಅಥಣಿ ಸೀಮೆ ಆಗ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿತ್ತು. ಜಿಲ್ಲಾ ಕೇಂದ್ರದ ಟಿಳಕವಾಡಿಯಲ್ಲೇ ಲಸಿಕೆ ತಯಾರಾಗುತ್ತಿತ್ತು. ಆ ಜಾಗಕ್ಕೆ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಈಗಲೂ ಉಳಿದಿದೆ. ಕರುವನ್ನು ಮಲಗಿಸಿ, ಹೊಟ್ಟೆಯ ಕೂದಲು ಬೋಳಿಸಿ, ತೊಳೆದು, ಸಾಲುಸಾಲಾಗಿ ಗೀರಿ ಬೀಜಲಸಿಕೆ ಹಚ್ಚುವುದು. ಐದಾರು ದಿನದಲ್ಲಿ ಗೀರಿನುದ್ದಕ್ಕೂ ಎದ್ದ ಗುಳ್ಳೆಗಳನ್ನು ಚಮಚದಿಂದ ಕೆರೆದು ಗ್ಲಿಸರಿನ್‌ನಲ್ಲಿ ಅರೆದು ಕೊಳವೆಗೆ ತುಂಬುವುದು: ಕರುವಿನ ಲಸಿಕೆ ತಯಾರಾಗುತ್ತಿದ್ದುದು ಹೀಗೆ. ಹಳ್ಳಿಯಲ್ಲಿ ಲಸಿಕೆ ಹಾಕುವವರು ಅದರ ಒಂದು ಹನಿಯನ್ನು ತೋಳಿನ ಮೇಲಿಟ್ಟು, ಮುಳ್ಳುಗಳಿದ್ದ ಪುಟ್ಟ ಲೋಹದ ಬಿಲ್ಲೆಯನ್ನು ಒತ್ತಿ ತಿರುಗಿಸುತ್ತಿದ್ದರು. ಮಕ್ಕಳು ಚೀರುತ್ತಿದ್ದುದು ಆ ಬಿಲ್ಲೆಗೆ.

ಮುಂದಿನ ಮೂರು ವಾರ ತೋಳಿನಲ್ಲಿ ನಡೆಯುತ್ತಿದ್ದುದು ರಕ್ಷಣಾ ಕೋಶಗಳ ಕೆಲಸ. ಗಾಯಕ್ಕೆ ಮೊದಲು ಧಾವಿಸುವುದು ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣ. ಮೂಳೆಮಜ್ಜೆ ಇವನ್ನು ದಿನಕ್ಕೆ ಸುಮಾರು 10 ಸಾವಿರ ಕೋಟಿಯಂತೆ ಹೆರುತ್ತದೆ. ಅವುಗಳ ಆಯುಷ್ಯ ಮಾತ್ರ ಬಹಳ ಚಿಕ್ಕದು. ಕೀವು ಎಂದರೆ ಬಹುಪಾಲು ಇವುಗಳ ಹೆಣಗಳೇ. ಹಿಂದೆಯೇ ಬರುವ ಮ್ಯಾಕ್ರೊಫೇಜ್‌ಗಳು ರೋಗಾಣುವನ್ನೂ ಸತ್ತ ಕೋಶಗಳನ್ನೂ ನುಂಗಿ ಜಾಗ ಶುಚಿಮಾಡುತ್ತವೆ. ಕವಲುಕವಲಾದ ಡೆಂಡ್ರೈಟಿಕ್ ಕೋಶಗಳದು ಬೇರೆ ಕಾಯಕ: ವೈರಸ್ಸಿನ ಚೂರನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೋಗಿ ಅಲ್ಲಿನ ಟಿ ಕೋಶಗಳಿಗೆ ತೋರಿಸುವುದು. ಮೈಲಿ ಹಾಕಿದ ಒಂದು ವಾರದ ಹೊತ್ತಿಗೆ ಮಗುವಿಗೆ ಜ್ವರ ಬಂದು ಕಂಕುಳಲ್ಲಿ ಗಂಟು ಕಟ್ಟುತ್ತಿದ್ದುದು ಇದರಿಂದಲೇ. ಆ ಗಂಟಿನೊಳಗೆ, ಚೂರಿಗೆ ಹೊಂದುವ ಬೆರಳೆಣಿಕೆಯ ಕೋಶಗಳು ಸಾವಿರ ಲಕ್ಷವಾಗಿ ಒಡೆಯುತ್ತಿದ್ದವು. ಕೆಲವು ಟಿ ಕೋಶಗಳು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ, ಕೆಲವು ಬಿ ಕೋಶಗಳಿಗೆ ನೆರವಾಗುತ್ತವೆ. ಬಿ ಕೋಶಗಳು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯಗಳನ್ನು ಸುರಿಸುತ್ತವೆ. ಹಕ್ಕಳೆ ಉದುರಿದಾಗ ಉಳಿದದ್ದು ಕಲೆ, ಮತ್ತು ಕಣ್ಣಿಗೆ ಕಾಣದ ನೆನಪಿನ ಕೋಶಗಳು.

ಇವೆಲ್ಲಕ್ಕೂ ತವರು ಒಂದೇ, ಮೂಳೆಮಜ್ಜೆಯ ಆಕರಕೋಶ. ಟಿ ಕೋಶಗಳಾಗಬೇಕಾದವು ಮಾತ್ರ ಎಳೆಯ ರೂಪದಲ್ಲೇ ಹೊರಟು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ತನ್ನದೇ ದೇಹದ ಮೇಲೆ ಬೀಳುವಂಥವು ಬಹುಪಾಲು ಅಲ್ಲಿಯೇ ಸಾಯುತ್ತವೆ. ಥೈಮಸ್ಸಿನ ಈ ಪಾತ್ರವನ್ನು ಜಾಕ್ ಮಿಲ್ಲರ್ ಕಂಡದ್ದು 1961ರಲ್ಲಿ. ಟಿ ಮತ್ತು ಬಿ ಬೇರೆಬೇರೆ ಎಂಬುದನ್ನು 1965ರಲ್ಲಿ ಮ್ಯಾಕ್ಸ್ ಕೂಪರ್ ಕೋಳಿಗಳಲ್ಲಿ ತೋರಿಸಿದರು. ಡೆಂಡ್ರೈಟಿಕ್ ಕೋಶವನ್ನು ರಾಲ್ಫ್ ಸ್ಟೈನ್‌ಮನ್ ವಿವರಿಸಿದ್ದು 1973ರಲ್ಲಿ. ಆ ಹೊತ್ತಿಗೆ ಈ ದೇಶದಲ್ಲಿ ಮೈಲಿಯ ಕೊನೆಯ ವರ್ಷಗಳು ನಡೆದಿದ್ದವು!

ನುಂಗುವ ಕೋಶಗಳ ಕಥೆ ಹಿಂದಿನದು. ಅದಕ್ಕೆ ಈ ನಾಡಿನ ನಂಟೂ ಇದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದ. ಮರುದಿನ ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿದ್ದವು. ಒಡೆಸ್ಸಾದಲ್ಲಿ ಅವನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್, 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಬೈಕುಲ್ಲಾದಲ್ಲಿ ಲಸಿಕೆ ಸಿದ್ಧಪಡಿಸಿ 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ರೈಲು ಹಿಡಿದು ಪ್ಲೇಗು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೂ ಬಂತು. ಇಲಿ ಬಿದ್ದ ಸುದ್ದಿಗೇ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಚುಚ್ಚಿದರು. ಚುಚ್ಚಿಸಿಕೊಂಡವರಲ್ಲಿ ಸಾವು ಕಡಿಮೆಯಿತ್ತು. ಆದರೆ ಇದರಲ್ಲಿದ್ದುದು ಕಾಯಿಸಿ ಕೊಂದ ರೋಗಾಣು. ಮೈಲಿ ಲಸಿಕೆಯ ಜೀವಂತ ವೈರಸ್ಸಿನಷ್ಟು ಕಾಲ ಅದರ ರಕ್ಷಣೆ ಬಾಳುತ್ತಿರಲಿಲ್ಲ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಮೈಲಿ ಹಾಕುವ ಪದ್ಧತಿ ನಿಂತ ಮೇಲೆ ಹುಟ್ಟಿದವರ ತೋಳಿನಲ್ಲಿ ಆ ಕಲೆಯಿಲ್ಲ. ಕಲೆಯಿರುವ ಹಿರಿಯರಲ್ಲಾದರೋ ಲಸಿಕೆಯ ಹಲವು ದಶಕಗಳ ನಂತರವೂ ಸಿಡುಬಿನ ಪ್ರತಿಕಾಯಗಳು ರಕ್ತದಲ್ಲಿ ಸಿಗುತ್ತವೆ. ಅವನ್ನು ಸುರಿಸುವ ಪ್ಲಾಸ್ಮಾ ಕೋಶಗಳು ಹುಟ್ಟಿದ ತವರಿಗೇ, ಮೂಳೆಮಜ್ಜೆಗೇ ಮರಳಿ ನೆಲೆಸಿರುತ್ತವೆ.