ಪ್ರತಿಯ ಪ್ರಾಮಾಣ್ಯ: ಗೌರಿಬಿದನೂರು ಸೀಮೆಯ ದಾಖಲೆಗಳ ಚರಿತ್ರೆ

ಉತ್ತರಪಿನಾಕಿನಿಯ ದಡದ ಗೌರಿಬಿದನೂರು, ಅದರ ನೆರೆಯ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ, ಇವೆಲ್ಲ 2007ರವರೆಗೆ ಕೋಲಾರ ಜಿಲ್ಲೆಯ ತಾಲ್ಲೂಕುಗಳಾಗಿದ್ದು, ಆಮೇಲೆ ಚಿಕ್ಕಬಳ್ಳಾಪುರವನ್ನು ಕೇಂದ್ರವಾಗುಳ್ಳ ಹೊಸ ಜಿಲ್ಲೆಗೆ ಸೇರಿದವು. ಈ ಸೀಮೆಯ ಮಾತು ಬಂದಾಗ ಜನರು ಅಲ್ಲಿನ ರೇಷ್ಮೆಯನ್ನೂ ದ್ರಾಕ್ಷಿಯನ್ನೂ, ನಂದಿಬೆಟ್ಟವನ್ನೂ, ವಿಶ್ವೇಶ್ವರಯ್ಯನವರ ಜನ್ಮಸ್ಥಳವಾದ ಮುದ್ದೇನಹಳ್ಳಿಯನ್ನೂ ನೆನೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಇದೇ ನೆಲಕ್ಕೆ ಅಷ್ಟಾಗಿ ಪ್ರಸಿದ್ಧವಲ್ಲದ ಮತ್ತೊಂದು ಚರಿತ್ರೆಯುಂಟು. ತನ್ನ ಕಣ್ಣೆದುರಿಗಿಲ್ಲದ, ಬಹುಶಃ ಇನ್ನೂ ಹುಟ್ಟಿಯೇ ಇರದ ಓದುಗನೊಬ್ಬನಿಗಾಗಿ ಒಂದು ವಸ್ತುವಿನ ಸಮಗ್ರವಾದ ಪ್ರತಿಯನ್ನು ತೆಗೆದು, ತನಗೆ ಅರ್ಥವಾದದ್ದನ್ನೂ ಆಗದಿದ್ದುದನ್ನೂ ಸಮಾನ ಶ್ರದ್ಧೆಯಿಂದ ಉಳಿಸಿಕೊಡುವ ಕಾರ್ಯದ ಚರಿತ್ರೆ ಅದು. ಇಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಬೆರಳುಗುರಿನಷ್ಟಗಲದ ಮೆಮೊರಿ ಕಾರ್ಡಿನ ಮೇಲೆ ಆಪರೇಟಿಂಗ್ ಸಿಸ್ಟಮಿನ ಇಮೇಜನ್ನು, ಅಂದರೆ ಅದರ ಸಮಗ್ರ ಪ್ರತಿಯನ್ನು, ಬರೆಯುತ್ತಾನಲ್ಲವೆ, ಆ ಕೆಲಸ ಈ ಚರಿತ್ರೆಯ ಇತ್ತೀಚಿನ ಅಧ್ಯಾಯವೆಂದೇ ನಾನು ಭಾವಿಸುತ್ತೇನೆ.

ಮೊದಲ ಅಧ್ಯಾಯ ಕಲ್ಲಿನದು. ನಂದಿಯ ಭೋಗನಂದೀಶ್ವರ ದೇವಾಲಯ ಮೊದಲ್ಗೊಂಡು ಕೆರೆಯೇರಿಗಳ ಮೇಲಣ ವೀರಗಲ್ಲುಗಳವರೆಗೆ ಗಂಗರೂ ನೊಳಂಬರೂ ಚೋಳರೂ ಹೊಯ್ಸಳರೂ ವಿಜಯನಗರದವರೂ ಆಳಿದ ಕಾಲದ ಬರಹಗಳು ಈ ತಾಲ್ಲೂಕುಗಳಲ್ಲಿ ಚೆದುರಿಹೋಗಿದ್ದವು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಅವುಗಳನ್ನು ಒಟ್ಟುಗೂಡಿಸಿ, ಕೋಲಾರ ಜಿಲ್ಲೆಗೆ ಮೀಸಲಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವಾಗಿ 1905ರಲ್ಲಿ, ತಾಲ್ಲೂಕುವಾರು ವಿಂಗಡಿಸಿ, ಪ್ರಕಟಿಸಿದರು. ಶಾಸನಕ್ಕೆ ಪಡಿಯಚ್ಚು ತೆಗೆಯುವ ಕ್ರಮವನ್ನು ಬಲ್ಲವರು ಬಲ್ಲರು: ಕಲ್ಲನ್ನು ತೊಳೆದು, ಅಕ್ಷರಗಳ ಕುಳಿಗಳಲ್ಲಿ ಕೂತ ಮಣ್ಣನ್ನೂ ಪಾಚಿಯನ್ನೂ ತೆಗೆದು, ತೊಯ್ದ ಕಾಗದವನ್ನು ಹರಡಿ, ಬಿರುಸಾದ ಬ್ರಷ್ಷಿನಿಂದ ಬಡಿದು ಕಾಗದ ಕುಳಿಗಳೊಳಕ್ಕೆ ಇಳಿಯುವಂತೆ ಮಾಡಿ, ಮೇಲೆ ಮಸಿಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡಿ ನಿಲ್ಲುತ್ತವೆ. ಕಣ್ಣಿನಿಂದ ಓದಿ ಕೈಯಿಂದ ಬರೆದುಕೊಳ್ಳುವವನು ತನ್ನ ಊಹೆಯನ್ನೂ ಬರಹದೊಡನೆ ಬೆರೆಸುವನು. ಪಡಿಯಚ್ಚಾದರೋ ಅಕ್ಷರವನ್ನು ಹೇಗೋ ಹಾಗೆಯೇ ಬಿರುಕನ್ನೂ, ಉಳಿ ಜಾರಿದ ಗೀರನ್ನೂ, ಸವೆದುಹೋದ ಬಯಲನ್ನೂ ಎತ್ತಿಕೊಡುವುದು. ಈ ಪಕ್ಷಪಾತರಾಹಿತ್ಯವೇ ಅದರ ಪ್ರಾಮಾಣ್ಯಕ್ಕೆ ಆಧಾರ. ಮುಂದಿನ ವಿದ್ವಾಂಸನು ಹಿಂದಿನವನ ಪಾಠವನ್ನು ಒಪ್ಪದಿದ್ದರೆ ಬೇರೆ ಪಾಠವನ್ನು ಸೂಚಿಸಲು ಅದು ಎಡೆಗೊಡುತ್ತದೆ.

ಎರಡನೆಯ ಅಧ್ಯಾಯ ಅಯಸ್ಕಾಂತದ ಪಟ್ಟಿಯದು. ಅದು ಆರಂಭವಾದದ್ದು ಗೌರಿಬಿದನೂರಿನಲ್ಲಿ. 1963ರ ಒಪ್ಪಂದವು ವಾತಾವರಣದಲ್ಲಿಯೂ ನೀರಿನೊಳಗೂ ಅಂತರಿಕ್ಷದಲ್ಲಿಯೂ ಪರಮಾಣು ಸ್ಫೋಟಗಳನ್ನು ನಿಷೇಧಿಸಿ, ನೆಲದಡಿಯ ಸ್ಫೋಟವನ್ನು ಮಾತ್ರ ಹೊರಗುಳಿಸಿತ್ತು. ಆದ್ದರಿಂದ ದೂರದೇಶದ ಭೂಗರ್ಭದಲ್ಲಿ ಉಂಟಾದ ಕಂಪನವು ಭೂಕಂಪದ್ದೋ ಸ್ಫೋಟದ್ದೋ ಎಂಬುದನ್ನು ವಿವೇಚಿಸಬಲ್ಲ ಸಾಧನಗಳು ಅವಶ್ಯಕವಾದವು. ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಿಂದ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿ ನಿರ್ಮಾಣವಾದ ಭೂಕಂಪಮಾಪಕ ವ್ಯೂಹಗಳ ಸಾಲಿನಲ್ಲಿಯೇ, ಇಂದು ಭಾಭಾ ಪರಮಾಣು ಸಂಶೋಧನ ಕೇಂದ್ರವೆಂಬ ಹೆಸರಿನ ನಮ್ಮ ಸಂಸ್ಥೆಯು 1965ರಲ್ಲಿ ಗೌರಿಬಿದನೂರಿನ ವ್ಯೂಹವನ್ನು ಸ್ಥಾಪಿಸಿತು. ಸಮುದ್ರದ ಅಲೆಗಳ ಅದುರು ಅಷ್ಟಾಗಿ ತಲಪದ ಒಳನಾಡು, ಕಾಲದೃಷ್ಟಿಯಿಂದ ಅತಿ ಪುರಾತನವಾದ ಗಟ್ಟಿ ಶಿಲೆಯ ತಳಹದಿ, ದೊಡ್ಡ ಕಾರ್ಖಾನೆಗಳಿಲ್ಲದ ನಿಶ್ಶಬ್ದತೆ, ಇವು ಈ ಸ್ಥಳದ ಯೋಗ್ಯತೆಯನ್ನು ಹೆಚ್ಚಿಸಿದ್ದವು.

ಈ ವ್ಯೂಹದಲ್ಲಿ ಇಪ್ಪತ್ತು ಭೂಕಂಪಮಾಪಕಗಳನ್ನು, ಒಂದೊಂದೂ 20 ಕಿಲೋಮೀಟರಿಗೆ ಮಿಕ್ಕ ಎರಡು ಬಾಹುಗಳಲ್ಲಿ ಮೂಲೆಮಟ್ಟದಂತೆ ನೆಲದಲ್ಲಿ ಹುದುಗಿಸಿ, ಅವುಗಳ ಸಂಕೇತಗಳನ್ನು ರೇಡಿಯೋ ಮೂಲಕ ಒಂದೇ ಕೇಂದ್ರಕ್ಕೆ ತರಿಸಿ, ಅನೇಕ ಪಥಗಳುಳ್ಳ ಅಯಸ್ಕಾಂತ ಪಟ್ಟಿಯ ಮೇಲೆ ಗಡಿಯಾರದ ಸಂಕೇತದೊಡನೆ ಏಕಕಾಲದಲ್ಲಿ ದಾಖಲಿಸಲಾಗುತ್ತಿತ್ತು. ದೂರದಿಂದ ಬರುವ ತರಂಗವು ಒಂದು ಮಾಪಕವನ್ನು ಮುಟ್ಟಿ ಇನ್ನೊಂದನ್ನು ಸೇರುವಷ್ಟರಲ್ಲಿ ಸೆಕೆಂಡಿನ ಭಾಗವೋ ಒಂದೆರಡು ಸೆಕೆಂಡೋ ಕಳೆಯುತ್ತದೆ. ಆ ಅಂತರವನ್ನು ಲೆಕ್ಕಹಾಕಿ, ಇಪ್ಪತ್ತು ದಾಖಲೆಗಳನ್ನೂ ಅದಕ್ಕೆ ತಕ್ಕಂತೆ ಹಿಂದುಮುಂದಾಗಿ ಸರಿಸಿ ಕೂಡಿದರೆ, ತರಂಗವು ಬಲಗೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಸ್ಥಳೀಯ ಸದ್ದು ಕುಗ್ಗುತ್ತದೆ. ಆದರ್ಶಸ್ಥಿತಿಯಲ್ಲಿ ಇದರಿಂದ ಸಂಕೇತದ ಸ್ಪಷ್ಟತೆ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚುವುದೆಂದು ಗಣಿತ ಹೇಳುತ್ತದೆ. ತರಂಗ ಯಾವ ದಿಕ್ಕಿನಿಂದ ಬರುವುದೆಂಬುದು ಮುಂಚೆ ತಿಳಿದಿಲ್ಲವಾದ ಕಾರಣ ಒಂದು ದಿಕ್ಕನ್ನು ಊಹಿಸಿ ಕೂಡಿ, ಫಲಿಸದಿದ್ದರೆ ಇನ್ನೊಂದನ್ನು ಊಹಿಸಿ ಮತ್ತೆ ಕೂಡಬೇಕು. ಲೇಖನಿಯಿಂದ ಕಾಗದದ ಮೇಲೆ ಗೀಚಿದ ರೇಖೆ ಇದಕ್ಕೆ ಒದಗಲಾರದು. ಮತ್ತೆ ಮತ್ತೆ ನುಡಿಸಬಲ್ಲ, ಗದ್ದಲವನ್ನೂ ಗದ್ದಲವೆಂದು ತಳ್ಳಿಬಿಡದೆ ಉಳಿಸಿಕೊಂಡ ಪಟ್ಟಿಯೇ ಬೇಕು.

ಮೂರನೆಯದು ಆಕಾಶದ ಅಧ್ಯಾಯ. ರಾಮನ್ ಸಂಶೋಧನ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಜೊತೆಗೂಡಿ 1970ರ ದಶಕದ ಉತ್ತರಾರ್ಧದಲ್ಲಿ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್ ಆವರ್ತಾಂಕದ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಪೂರ್ವಪಶ್ಚಿಮವಾಗಿ 1.38 ಕಿಲೋಮೀಟರ್ ಚಾಚಿದ ಬಾಹುವಿನಲ್ಲಿ 640, ದಕ್ಷಿಣದ ಬಾಹುವಿನಲ್ಲಿ 360, ಒಟ್ಟು ಸಾವಿರ ದ್ವಿಧ್ರುವ ಆಂಟೆನಾಗಳು ಹೊಲಗಳ ನಡುವೆ ನಿಂತು, ಸುಮಾರು ಒಂಬತ್ತು ಮೀಟರ್ ತರಂಗದೂರದ ಸಂಕೇತಗಳನ್ನು ಗ್ರಹಿಸಿದವು. ಅಲ್ಲಿನ ದಾಖಲೆಗಳನ್ನು ಗಣಕದಲ್ಲಿ ಜೋಡಿಸಿ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದ ಆಕಾಶದ ನಕ್ಷೆ ಅಷ್ಟು ಕೆಳಗಿನ ಆವರ್ತಾಂಕದ ಸಮೀಕ್ಷೆಗಳಲ್ಲಿ ಗಣ್ಯವಾದದ್ದು.

ಆದರೆ ನನ್ನ ವಾದಕ್ಕೆ ಅದಕ್ಕಿಂತಲೂ ಪುಷ್ಟಿಕೊಡುವ ಸಂಗತಿ ಇನ್ನೊಂದುಂಟು. 2008ರಲ್ಲಿ ಕಕ್ಷೆಗೇರಿದ ಫರ್ಮಿ ಉಪಗ್ರಹವು ಗಾಮಾಕಿರಣಗಳ ಮೂಲಕ ಹೊಸ ಪಲ್ಸಾರ್‌ಗಳನ್ನು, ಅಂದರೆ ತಿರುಗುತ್ತ ಸ್ಪಂದಿಸುವ ತಾರೆಗಳನ್ನು, ಕಂಡುಹಿಡಿಯಿತು. ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುವ ಜೆ1732-3131 ಅವುಗಳಲ್ಲೊಂದು. ಅದರ ರೇಡಿಯೋ ಸ್ಪಂದನವನ್ನು ಅರಸುತ್ತಿದ್ದ ಯೋಗೇಶ್ ಮಾನ್, ಎಚ್. ಎ. ಅಶ್ವತ್ಥಪ್ಪ, ಅವಿನಾಶ್ ದೇಶಪಾಂಡೆ ಅವರು, ಹಿಂದೆ ಗೌರಿಬಿದನೂರಿನಲ್ಲಿ ದಾಖಲಾಗಿ ಸಂಗ್ರಹದಲ್ಲಿದ್ದ ದತ್ತಾಂಶವನ್ನು ಮತ್ತೆ ಶೋಧಿಸಿ, ಸ್ಪಂದನದ ಸಂಭಾವ್ಯವಾದ ಗುರುತನ್ನು 2012ರಲ್ಲಿ ವರದಿಮಾಡಿದರು. ಆ ಪಲ್ಸಾರ್ ಉಂಟೆಂಬುದನ್ನೇ ಅರಿಯದವರ ಕಾಲದ ದಾಖಲೆಯು ಅರಿತವರ ಪ್ರಶ್ನೆಗೆ ಉತ್ತರದ ಸುಳಿವನ್ನು ಕೊಟ್ಟಿತು. ನಿಷ್ಪ್ರಯೋಜಕವೆಂದು ಅಂದೇ ಯಾರಾದರೂ ಆ ಗದ್ದಲವನ್ನು ಅಳಿಸಿದ್ದರೆ ಈ ಶೋಧನೆಗೆ ಆಸ್ಪದವೇ ಇರುತ್ತಿರಲಿಲ್ಲ.

ಇನ್ನು ಮೆಮೊರಿ ಕಾರ್ಡಿನ ಅಧ್ಯಾಯ. 1999ರಲ್ಲಿ ಮತ್ಸುಶಿತಾ, ಸ್ಯಾನ್‌ಡಿಸ್ಕ್, ತೋಶಿಬಾ ಕಂಪನಿಗಳು ಪ್ರಕಟಪಡಿಸಿದ ಎಸ್‌ಡಿ ಕಾರ್ಡು, 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಗಣಕಕ್ಕೆ ಡಿಸ್ಕಿನ ಸ್ಥಾನದಲ್ಲಿ ಒದಗಿತು. ಇಂಥ ಗಣಕಕ್ಕೆ ಕಡತಗಳನ್ನು ಒಂದೊಂದಾಗಿ ಕಾಪಿ ಮಾಡಿ ಹಾಕಿದರೆ ಸಾಲದು. ಕಾರ್ಡಿನ ಆದಿಯ 512 ಬೈಟುಗಳಲ್ಲಿ ವಿಭಾಗಗಳ ಕೋಷ್ಟಕವಿರುತ್ತದೆ; ಬೂಟ್ ಆಗಲು ಬೇಕಾದ ಕಡತಗಳು ಯಂತ್ರ ಅರಸುವ ವಿಭಾಗದಲ್ಲಿಯೇ ಇರಬೇಕು; ಪ್ರತಿಯೊಂದು ವಿಭಾಗವೂ ನಿಗದಿಯಾದ ನೆಲೆಯಿಂದಲೇ ಆರಂಭವಾಗಬೇಕು. ಆದ್ದರಿಂದ ಮೂಲ ಕಾರ್ಡಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಖಾಲಿಯಾದ ಭಾಗವನ್ನೂ ಸೇರಿಸಿ, ತೆಗೆದಿಟ್ಟ ಇಮೇಜನ್ನು ಇದ್ದದ್ದಿದ್ದಂತೆ ಇಳಿಸುತ್ತಾರೆ. ಯೂನಿಕ್ಸ್ ಕಾಲದಿಂದ ಬಂದ ಡಿಡಿ ಎಂಬ ಆಜ್ಞೆಗೆ ತಾನು ಸಾಗಿಸುತ್ತಿರುವುದು ಏನೆಂಬ ತಿಳಿವಳಿಕೆಯಿಲ್ಲ. ಬೈಟನ್ನು ಬೈಟಾಗಿಯೇ ಇಡುವುದಷ್ಟೇ ಅದರ ಧರ್ಮ. ಪಡಿಯಚ್ಚಿನ ಕಾಗದಕ್ಕೂ ಗೌರಿಬಿದನೂರಿನ ಪಟ್ಟಿಗೂ ಇದ್ದ ಗುಣವೇ ಇದು.

ಆದರೆ ಬರೆದದ್ದು ಬರೆದಂತೆಯೇ ಇದೆಯೆಂದು ನಂಬುವುದಕ್ಕೆ ಪರೀಕ್ಷೆ ಬೇಕು. ಇದನ್ನು ಶಿಡ್ಲಘಟ್ಟದ ರೇಷ್ಮೆ ಕೃಷಿಕರಿಗೆ ವಿವರಿಸಬೇಕಾಗಿಲ್ಲ: ಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟ ಮೇಲೆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಪೆಬ್ರಿನ್ ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ, ಪಾಸ್ಚರನಿಂದ ಬಂದ ಕ್ರಮ ಬಿತ್ತನೆಯ ಕೇಂದ್ರಗಳಲ್ಲಿ ಇಂದಿಗೂ ನಡೆದಿದೆ, ಏಕೆಂದರೆ ಮುಂದಿನ ಬೆಳೆಯೆಲ್ಲ ಅದನ್ನೇ ಅವಲಂಬಿಸಿದೆ. ಇಮೇಜಿನ ವಿಷಯದಲ್ಲಿ ಈ ಪರೀಕ್ಷೆ ಎರಡು ಬಾರಿ ನಡೆಯತಕ್ಕದ್ದು. ಇಳಿಸಿಕೊಂಡ ಇಮೇಜಿನ ಷಾ-256 ಮೊತ್ತವನ್ನು, ಅಂದರೆ 64 ಚಿಹ್ನೆಗಳ ಮುದ್ರೆಯನ್ನು, ಪ್ರಕಾಶಕರು ಕೊಟ್ಟದ್ದರೊಡನೆ ಹೋಲಿಸುವುದು ಮೊದಲನೆಯದು. ಬರೆದು ಮುಗಿದ ಮೇಲೆ ಕಾರ್ಡಿನಿಂದಲೇ ಅದನ್ನು ಮತ್ತೆ ಓದಿ ಮೂಲದೊಡನೆ ತಾಳೆನೋಡುವುದು ಎರಡನೆಯದು. ಒಂದೇ ಒಂದು ಬಿಟ್ ಬದಲಾದರೂ ಆ ಮುದ್ರೆ ಬೇರೆಯೇ ಆಗುತ್ತದೆ. ಗಣಕದ ಮೆಮೊರಿಯಲ್ಲಿ ಇನ್ನೂ ಉಳಿದಿರುವ ಭಾಗವು ಕಾರ್ಡಿಗೆ ಇಳಿಯುವ ಮೊದಲೇ ಕಾರ್ಡನ್ನು ಕಿತ್ತವರಿಗೆ ದೊರೆಯುವುದು ಅಪೂರ್ಣವಾದ ಪ್ರತಿ. ಅಲ್ಲದೆ ಫ್ಲಾಶ್ ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶವು ಕಾಲಕ್ರಮದಲ್ಲಿ ಸೋರಿಹೋಗುವಂಥದು. ಈ ಕಾರಣದಿಂದ ಕಾರ್ಡನ್ನು ಶಾಶ್ವತವಾದ ಭಂಡಾರವೆಂದು ತಿಳಿಯಲಾಗದು.

ಹೀಗೆ ಪರೀಕ್ಷಿಸಿ ಒಪ್ಪುವ ಮಾರ್ಗದಲ್ಲಿ ನಮಗೆ ದಾರಿತೋರಿದ ಹಿರಿಯರು ಇದೇ ಸೀಮೆಯವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ, ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಪ್ರಸಿದ್ಧರಾದ ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ನಿಲುವನ್ನು ಜೀವನದುದ್ದಕ್ಕೂ ಬೋಧಿಸಿದರು. ಪ್ರತಿಯನ್ನು ತೆಗೆಯುವವನು ತನ್ನ ಕೆಲಸದ ಮೇಲೂ ಅದೇ ಪ್ರಶ್ನೆಯನ್ನು ಹೂಡಬೇಕು. ಇಮೇಜನ್ನು ಬರೆಯುವುದನ್ನು ನಮ್ಮ ಮಕ್ಕಳಿಗೆ ಕಲಿಸುವವರು ತಾಳೆನೋಡುವುದನ್ನು ಐಚ್ಛಿಕವಾದ ಕೊನೆಯ ಹೆಜ್ಜೆಯೆಂದಲ್ಲ, ಬರೆಯುವುದರ ಅಂಗವೆಂದೇ ಕಲಿಸಲಿ. ಇಂದು ನಾವು ಉಳಿಸುವ ದಾಖಲೆಯಿಂದ ನಾಳಿನವರು ಏನನ್ನು ಅರಸುವರೆಂದು ನಮಗೆ ತಿಳಿಯದು. ಅದು ತಿಳಿಯದಿರುವ ಕಾರಣದಿಂದಲೇ ಏನನ್ನೂ ಕೂಡದೆ, ಏನನ್ನೂ ಕಳೆಯದೆ, ಪರೀಕ್ಷಿಸಿದ ಪ್ರತಿಯನ್ನು ಅವರ ಕೈಗೆ ಒಪ್ಪಿಸುವುದು ನಮ್ಮ ಕರ್ತವ್ಯ.